ಹೆಸರು ಯಾರ ಆಸ್ತಿ?

ಆಸ್ತಿಪತ್ರಗಳಲ್ಲಿ ಎರಡು ಮಾತು ತಪ್ಪದೆ ಬರುತ್ತವೆ: ಸ್ಥಿರಾಸ್ತಿ, ಚರಾಸ್ತಿ. ಹೊಲ, ಮನೆ, ಬಾವಿ ಸ್ಥಿರ. ದನ, ಗಾಡಿ, ಒಡವೆ, ಬ್ಯಾಂಕಿನಲ್ಲಿಟ್ಟ ಹಣ ಚರ. ಊರು ಬಿಡುವವನು ಚರಾಸ್ತಿಯನ್ನು ಕಟ್ಟಿಕೊಂಡು ಹೋಗುತ್ತಾನೆ. ಸ್ಥಿರಾಸ್ತಿಯನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಹೊತ್ತುಕೊಂಡು ಹೋಗಲಾಗದು. ಲೋಕದ ಬಹುಪಾಲು ವಸ್ತುಗಳು ಈ ಎರಡರಲ್ಲಿ ಒಂದು ಪಟ್ಟಿಗೆ ಸೇರುತ್ತವೆ. ಕೆಲವು ಮಾತ್ರ ಎಲ್ಲಿಗೂ ಸರಿಯಾಗಿ ಕೂರುವುದಿಲ್ಲ. ಆಟದ ತಂಡ ಅಂಥದೊಂದು. ಅದಕ್ಕೊಬ್ಬ ಮಾಲೀಕನಿದ್ದಾನೆ, ಅದಕ್ಕೆ ಬೆಲೆಯಿದೆ, ಅದನ್ನು ಕೊಳ್ಳಬಹುದು, ಮಾರಬಹುದು. ಆದರೆ ಅದರ ಹೆಸರಿನ ಮೊದಲ ಅರ್ಧ ಒಂದು ಊರಿನದು. ಆ ಊರಿನ ಜನ ಅದನ್ನು 'ನಮ್ಮದು' ಎನ್ನುತ್ತಾರೆ. ಮಾಲೀಕ ಒಂದು ದಿನ ತಂಡವನ್ನು ಲಾರಿಗೆ ತುಂಬಿಕೊಂಡು ಹೊರಟರೆ ಅವನು ಹೊತ್ತುಕೊಂಡು ಹೋದದ್ದು ಏನು? ಹಿಂದೆ ಉಳಿದದ್ದು ಏನು? ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕಥೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪ್ರಶ್ನೆಯನ್ನು ಎತ್ತಿಕೊಳ್ಳುವ ಮೊದಲು ಕಥೆ ಹೇಳಬೇಕು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ಕವಚ. ಎದುರಾಳಿಯನ್ನು ತಳ್ಳುತ್ತ ಗಜಗಜವಾಗಿ ನೆಲ ಗೆಲ್ಲುವ ಆಟ. ಅದರ ನಿಯಮಗಳಿಗಿಂತ ಅದರ ವ್ಯವಸ್ಥೆ ಇಲ್ಲಿ ಮುಖ್ಯ. ಎನ್‌ಎಫ್‌ಎಲ್ ಎಂಬುದು ಬಾಗಿಲು ಹಾಕಿದ ಕೂಟ. ಇಂಗ್ಲೆಂಡಿನಲ್ಲಾದರೆ ಸಣ್ಣ ಊರಿನ ತಂಡವೂ ಕೆಳಗಿನ ದರ್ಜೆಗಳಲ್ಲಿ ಗೆಲ್ಲುತ್ತ ಗೆಲ್ಲುತ್ತ ಮೇಲಕ್ಕೆ ಬರಬಹುದು. ಅಮೆರಿಕದಲ್ಲಿ ಆ ಏಣಿಯೇ ಇಲ್ಲ. 1995ರಲ್ಲಿ ಇದ್ದದ್ದು 30 ತಂಡ, ಈಗಿರುವುದು 32. ತಂಡ ಬೇಕೆನ್ನುವ ಊರುಗಳು ಅದಕ್ಕಿಂತ ಹೆಚ್ಚು. ಹಾಗಾಗಿ ಪ್ರತಿ ಮಾಲೀಕನ ಕೈಯಲ್ಲೂ ಒಂದು ಆಯುಧ ಸದಾ ಇರುತ್ತದೆ: ಹೊಸ ಕ್ರೀಡಾಂಗಣ ಕಟ್ಟಿಸಿಕೊಡಿ, ಇಲ್ಲವಾದರೆ ಕೊಡುವ ಊರಿಗೆ ಹೋಗುತ್ತೇನೆ. ಕಟ್ಟಿಸುವ ಹಣ ಬಹಳ ಸಲ ತೆರಿಗೆಯದು.

ಕ್ಲೀವ್‌ಲ್ಯಾಂಡ್ ಓಹಾಯೊ ರಾಜ್ಯದಲ್ಲಿ ಈರಿ ಸರೋವರದ ದಡದಲ್ಲಿರುವ ಊರು. ಉಕ್ಕು, ಕಾರ್ಖಾನೆ, ಬಂದರು ಅದರ ಬದುಕು. ಬ್ರೌನ್ಸ್ ಅಲ್ಲಿ ಆಡತೊಡಗಿದ್ದು 1946ರಲ್ಲಿ, ಆಗಷ್ಟೇ ಹುಟ್ಟಿದ ಬೇರೊಂದು ಲೀಗಿನಲ್ಲಿ. ಮೊದಲ ತರಬೇತುದಾರ ಪಾಲ್ ಬ್ರೌನ್. ತಂಡದ ಹೆಸರು ಅವರದೇ. ಅದೇ ವರ್ಷ ಅವರು ಮರಿಯನ್ ಮೋಟ್ಲಿ ಮತ್ತು ಬಿಲ್ ವಿಲ್ಲಿಸ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ಸೇರಿಸಿಕೊಂಡರು. ವೃತ್ತಿಪರ ಫುಟ್‌ಬಾಲು ಒಂದು ದಶಕಕ್ಕೂ ಹೆಚ್ಚು ಕಾಲ ಕಪ್ಪು ಜನರಿಗೆ ಬಾಗಿಲು ಮುಚ್ಚಿತ್ತು. ಬೇಸ್‌ಬಾಲಿನಲ್ಲಿ ಜಾಕಿ ರಾಬಿನ್ಸನ್ ಆ ಗೋಡೆ ಒಡೆದು ಜಗತ್ತಿಗೆ ಗೊತ್ತಾದದ್ದು ಅದರ ಮರುವರ್ಷ. ಆ ಲೀಗು ನಡೆದ ನಾಲ್ಕೂ ವರ್ಷ ಬ್ರೌನ್ಸ್ ಗೆದ್ದರು. 1950ರಲ್ಲಿ ಎನ್‌ಎಫ್‌ಎಲ್‌ಗೆ ಬಂದು ಮೊದಲ ವರ್ಷವೇ ಪ್ರಶಸ್ತಿ ಎತ್ತಿದರು, ಕೊನೆಯ ಅರ್ಧ ನಿಮಿಷದಲ್ಲಿ ಲೂ ಗ್ರೋಜಾ ಒದ್ದ ಚೆಂಡಿನಿಂದ, 30-28ರಲ್ಲಿ.

ಆ ಅಂತಿಮ ಪಂದ್ಯದಲ್ಲಿ ಎದುರಿದ್ದದ್ದು ಲಾಸ್ ಏಂಜಲೀಸ್ ರ‍್ಯಾಮ್ಸ್. ಐದು ವರ್ಷದ ಹಿಂದೆ ಅದು ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್ ಆಗಿತ್ತು. 1945ರ ಪ್ರಶಸ್ತಿಯನ್ನು ಕ್ಲೀವ್‌ಲ್ಯಾಂಡಿಗೆ ಗೆದ್ದುಕೊಟ್ಟು, ಮರುತಿಂಗಳೇ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೋಗಿತ್ತು. ಅಂದರೆ ಈ ಊರು ತಂಡ ಕಳೆದುಕೊಂಡದ್ದು 1995ರಲ್ಲೇ ಮೊದಲಲ್ಲ. ಆದರೂ ರ‍್ಯಾಮ್ಸ್ ಹೋದದ್ದಕ್ಕೆ ಊರು ಅಷ್ಟಾಗಿ ಅಳಲಿಲ್ಲ. ಅದು ಅಲ್ಲಿದ್ದದ್ದು ಹತ್ತು ವರ್ಷದ ಆಸುಪಾಸು, ಅದಕ್ಕಿನ್ನೂ ಬೇರು ಬಿಟ್ಟಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು. ಊರಿಗೂ ತಂಡಕ್ಕೂ ಇರುವ ನಂಟು ಹೆಸರಿಟ್ಟ ದಿನವೇ ಹುಟ್ಟುವುದಿಲ್ಲ. ಕಾಲ ಅದನ್ನು ಹೊಸೆಯುತ್ತದೆ.

1961ರಲ್ಲಿ ಆರ್ಟ್ ಮೊಡೆಲ್ ಎಂಬ ನ್ಯೂಯಾರ್ಕಿನ ಜಾಹೀರಾತು ವ್ಯವಹಾರಸ್ಥರು ಸುಮಾರು 40 ಲಕ್ಷ ಡಾಲರಿಗೆ ಬ್ರೌನ್ಸ್ ತಂಡವನ್ನು ಕೊಂಡರು. 1963ರ ಜನವರಿಯಲ್ಲಿ ಪಾಲ್ ಬ್ರೌನ್ ಅವರನ್ನು ಕೆಲಸದಿಂದ ತೆಗೆದರು. ಯಾರ ಹೆಸರನ್ನು ತಂಡ ಹೊತ್ತಿತ್ತೋ ಅವರೇ ಹೊರಗೆ, ಹೆಸರು ಒಳಗೆ. ಪಾಲ್ ಬ್ರೌನ್ ಮುಂದೆ ಅದೇ ರಾಜ್ಯದ ಸಿನ್ಸಿನಾಟಿಯಲ್ಲಿ ಬೆಂಗಾಲ್ಸ್ ತಂಡ ಕಟ್ಟಿದರು. 1968ರಿಂದ ಅದು ಆಡತೊಡಗಿತು. ಇತ್ತ ಬ್ರೌನ್ಸ್, ಮಹಾನ್ ಓಟಗಾರ ಜಿಮ್ ಬ್ರೌನ್ ಇದ್ದ ಕಾಲದಲ್ಲಿ, 1964ರಲ್ಲಿ ಮತ್ತೊಮ್ಮೆ ಪ್ರಶಸ್ತಿ ಗೆದ್ದರು. ಅಂತಿಮ ಪಂದ್ಯದಲ್ಲಿ 27-0ರಿಂದ ಸೋತದ್ದು ಬಾಲ್ಟಿಮೋರ್ ಕೋಲ್ಟ್ಸ್. ಆಮೇಲೆ ಕ್ಲೀವ್‌ಲ್ಯಾಂಡಿಗೆ ಫುಟ್‌ಬಾಲ್ ಪ್ರಶಸ್ತಿ ಬಂದೇ ಇಲ್ಲ.

ಬಾಲ್ಟಿಮೋರ್ ಈ ಕಥೆಯ ಇನ್ನೊಂದು ಊರು. ಮೇರಿಲ್ಯಾಂಡ್ ರಾಜ್ಯದ ಬಂದರು, ಇದೂ ದುಡಿಯುವ ಜನರದು. ಕೋಲ್ಟ್ಸ್ ತಂಡವೆಂದರೆ ಆ ಊರಿಗೆ ಪ್ರಾಣ. ಅದರ ಜಾನಿ ಯುನೈಟಸ್ ಎಂಬ ಆಟಗಾರ ಊರಿನ ಮನೆಮಗ. ಮಾಲೀಕ ರಾಬರ್ಟ್ ಅರ್ಸೇ ಅವರಿಗೂ ಸರ್ಕಾರಕ್ಕೂ ಕ್ರೀಡಾಂಗಣದ ವಿಚಾರದಲ್ಲಿ ಜಗಳವಿತ್ತು. 1984ರ ಮಾರ್ಚಿನಲ್ಲಿ ರಾಜ್ಯದ ಶಾಸನಸಭೆ ಒಂದು ಮಸೂದೆಗೆ ಕೈಹಾಕಿತು: ರಸ್ತೆಗೆ, ಅಣೆಕಟ್ಟಿಗೆ ಸರ್ಕಾರ ಜಮೀನು ಸ್ವಾಧೀನ ಮಾಡಿಕೊಳ್ಳುವ ಹಾಗೆ, ಪರಿಹಾರ ಕೊಟ್ಟು ತಂಡವನ್ನೇ ಸ್ವಾಧೀನ ಮಾಡಿಕೊಳ್ಳುವುದು. ಸುದ್ದಿ ಕೇಳಿದ ಅರ್ಸೇ ಮಾರ್ಚ್ 28ರ ರಾತ್ರಿ, ಹಿಮ ಬೀಳುತ್ತಿರುವಾಗ, ಮನೆ ಸಾಗಿಸುವ ಮೇಫ್ಲವರ್ ಕಂಪನಿಯ 15 ಲಾರಿಗಳನ್ನು ತರಿಸಿ ತಂಡದ ಸಾಮಾನನ್ನೆಲ್ಲ ತುಂಬಿಸಿದರು. ಬೆಳಗಾಗುವಷ್ಟರಲ್ಲಿ ಕೋಲ್ಟ್ಸ್ ಇಂಡಿಯಾನಾಪೊಲಿಸ್ ಹಾದಿ ಹಿಡಿದಿತ್ತು. ಸ್ವಾಧೀನದ ಕಾನೂನು ಜಾರಿಗೆ ಬರುವ ಹೊತ್ತಿಗೆ ತಂಡ ರಾಜ್ಯದೊಳಗೆ ಇರಲೇ ಇಲ್ಲ ಎಂದು ಆಮೇಲೆ ನ್ಯಾಯಾಲಯ ಹೇಳಿತು. ತಂಡವನ್ನು ನೆಲದ ಹಾಗೆ ಹಿಡಿದಿಡಲು ಹೊರಟ ಸರ್ಕಾರಕ್ಕೆ ಅದು ದನದ ಹಾಗೆ ರಾತ್ರೋರಾತ್ರಿ ಗಡಿ ದಾಟಬಲ್ಲದೆಂದು ತಿಳಿಯಿತು.

ಅರ್ಸೇ ಹೆಸರನ್ನೂ ಒಯ್ದರು, ಕುದುರೆ ಲಾಳದ ಗುರುತನ್ನೂ ಒಯ್ದರು, ಯುನೈಟಸ್‌ರ ದಾಖಲೆಗಳನ್ನೂ ಒಯ್ದರು. ಯುನೈಟಸ್ ಇಂಡಿಯಾನಾಪೊಲಿಸ್ ತಂಡವನ್ನು ತಮ್ಮದೆಂದು ಸಾಯುವವರೆಗೂ ಒಪ್ಪಲಿಲ್ಲ. ಅವರ ಪ್ರತಿಮೆ ಇವತ್ತು ನಿಂತಿರುವುದು ಬಾಲ್ಟಿಮೋರಿನಲ್ಲಿ, ಅವರು ಎಂದೂ ಆಡದ ತಂಡವೊಂದರ ಕ್ರೀಡಾಂಗಣದ ಮುಂದೆ. ಇನ್ನೊಂದು ಉಳಿದಿತ್ತು: ಕೋಲ್ಟ್ಸ್ ತಂಡದ ವಾದ್ಯವೃಂದ. ಲಾರಿಗಳು ಬಂದ ರಾತ್ರಿ ಅವರ ಸಮವಸ್ತ್ರಗಳು ಡ್ರೈಕ್ಲೀನಿಂಗ್ ಅಂಗಡಿಯಲ್ಲಿದ್ದವು, ಹಾಗಾಗಿ ಬಚಾವಾದವು. ಆ ವಾದ್ಯವೃಂದ ಮುಂದಿನ ಹನ್ನೆರಡು ವರ್ಷ ತಂಡವಿಲ್ಲದೆ, ಮೆರವಣಿಗೆಗಳಲ್ಲಿ, ಬೇರೆ ಊರಿನ ಪಂದ್ಯಗಳಲ್ಲಿ ನುಡಿಸುತ್ತಲೇ ಇತ್ತು. ದೇವರಿಲ್ಲದ ಗುಡಿಯಲ್ಲಿ ನಾಗಸ್ವರ ಊದಿದ ಹಾಗೆ ಎಂದು ಯಾರಾದರೂ ನಗಬಹುದು. ನನಗೆ ನಗು ಬರುವುದಿಲ್ಲ.

ಈಗ 1995ಕ್ಕೆ ಬರೋಣ. ಮೊಡೆಲ್ ಕ್ಲೀವ್‌ಲ್ಯಾಂಡಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದಿದ್ದರು. 1931ರಲ್ಲಿ ತೆರೆದ, ಸರೋವರದ ಗಾಳಿಗೆ ಸವೆದ ಮುನಿಸಿಪಲ್ ಕ್ರೀಡಾಂಗಣವನ್ನು ನಗರದಿಂದ ಗುತ್ತಿಗೆಗೆ ಪಡೆದು ಅವರೇ ನಡೆಸುತ್ತಿದ್ದರು. ಅಲ್ಲೇ ಆಡುತ್ತಿದ್ದ ಬೇಸ್‌ಬಾಲ್ ತಂಡ 1994ರಲ್ಲಿ ತನಗಾಗಿ ಕಟ್ಟಿದ ಹೊಸ ಮೈದಾನಕ್ಕೆ ಹೋದಾಗ ಅದರ ಬಾಡಿಗೆಯೂ ಹೋಯಿತು. ಊರು ಬೇಸ್‌ಬಾಲಿಗೆ, ಬ್ಯಾಸ್ಕೆಟ್‌ಬಾಲಿಗೆ ಕಟ್ಟಿಸಿಕೊಟ್ಟಿತು, ತಾನು ಮಾತ್ರ ಸಾಲದಲ್ಲಿ ಮುಳುಗಿದೆ ಎಂಬುದು ಅವರ ಅಳಲು. ಬಾಲ್ಟಿಮೋರ್ ಮುಂದಿಟ್ಟದ್ದು ರಾಜ್ಯದ ಹಣದಲ್ಲಿ ಕಟ್ಟುವ, ಬಾಡಿಗೆಯಿಲ್ಲದ ಹೊಸ ಕ್ರೀಡಾಂಗಣ. ನವೆಂಬರ್ 6ರಂದು ಬಾಲ್ಟಿಮೋರಿನಲ್ಲಿ ವೇದಿಕೆ ಹತ್ತಿ ಮೊಡೆಲ್ ಸುದ್ದಿ ಪ್ರಕಟಿಸಿದರು. ಮರುದಿನ, ನವೆಂಬರ್ 7ರಂದು, ಹಳೆಯ ಕ್ರೀಡಾಂಗಣದ ದುರಸ್ತಿಗಾಗಿ ಮದ್ಯ ಮತ್ತು ಸಿಗರೇಟಿನ ತೆರಿಗೆ ಮುಂದುವರಿಸಬೇಕೆ ಎಂದು ಕ್ಲೀವ್‌ಲ್ಯಾಂಡ್ ಜಿಲ್ಲೆಯಲ್ಲಿ ಮತದಾನವಿತ್ತು. ಬಿಟ್ಟು ಹೋಗುತ್ತೇನೆಂದು ಹೇಳಿಯಾದ ತಂಡದ ಮನೆ ರಿಪೇರಿಗೆ ಜನ ಭಾರಿ ಬಹುಮತದಿಂದ ಹೂಂ ಎಂದರು.

ಪ್ರಕಟಣೆಯ ನಂತರ ತಂಡ ಸತತ ಐದು ಪಂದ್ಯ ಸೋತಿತು. ಡಿಸೆಂಬರ್ 17ರಂದು ತವರಿನಲ್ಲಿ ಕೊನೆಯ ಪಂದ್ಯ, ಪಾಲ್ ಬ್ರೌನ್ ಕಟ್ಟಿದ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ. ಅದನ್ನು ಮಾತ್ರ 26-10ರಿಂದ ಗೆದ್ದರು. ಜನ ಕುರ್ಚಿಗಳನ್ನು ಕಿತ್ತರು, ಕೆಲವರು ಮೈದಾನಕ್ಕೆ ಎಸೆದರು, ಕೆಲವರು ಹೊತ್ತುಕೊಂಡು ಮನೆಗೆ ಹೋದರು. ಆಟಗಾರರು ಅಗ್ಗದ ಬೆಂಚುಗಳಿದ್ದ ತುದಿಗೆ ಓಡಿ, ನಾಯಿ ಮುಖವಾಡ ಹಾಕಿಕೊಂಡು ಕೂಗುವ ಆ ಅಭಿಮಾನಿಗಳನ್ನು ತಬ್ಬಿಕೊಂಡು ಅತ್ತರು.

ಗುತ್ತಿಗೆಯ ಅವಧಿ 1998ರವರೆಗೆ ಇದ್ದುದರಿಂದ ನಗರ ಮೊಕದ್ದಮೆ ಹೂಡಿತ್ತು. ಮೇಯರ್ ಮೈಕಲ್ ವೈಟ್ ಪಟ್ಟು ಹಿಡಿದರು. 1996ರ ಫೆಬ್ರವರಿಯಲ್ಲಿ ರಾಜಿ ಆಯಿತು. ನಾನು ಈ ಲೇಖನ ಬರೆಯುತ್ತಿರುವುದೇ ಆ ರಾಜಿಯ ಕಾರಣಕ್ಕೆ. ಮೊಡೆಲ್ ಆಟಗಾರರನ್ನು, ಸಿಬ್ಬಂದಿಯನ್ನು, ಒಪ್ಪಂದಗಳನ್ನು ಬಾಲ್ಟಿಮೋರಿಗೆ ಕೊಂಡೊಯ್ಯಬಹುದು. ಬ್ರೌನ್ಸ್ ಎಂಬ ಹೆಸರು, ಕಂದು-ಕಿತ್ತಳೆ ಬಣ್ಣ, ದಾಖಲೆಗಳು, ಇತಿಹಾಸ ಕ್ಲೀವ್‌ಲ್ಯಾಂಡಿನಲ್ಲೇ ಉಳಿಯಬೇಕು. ಹೊಸ ಕ್ರೀಡಾಂಗಣ ಕಟ್ಟಿದರೆ 1999ಕ್ಕೆ ಲೀಗು ಒಂದು ತಂಡ ಕೊಡಬೇಕು. ಹೀಗೆ ಬಾಲ್ಟಿಮೋರಿಗೆ ಹೋದ ತಂಡ ಕಾಗದದ ಮೇಲೆ ಹೊಸ ಕೂಸಾಯಿತು, ಅಭಿಮಾನಿಗಳು ಮತ ಹಾಕಿ ಅದಕ್ಕೆ ರೇವನ್ಸ್ ಎಂದು ಹೆಸರಿಟ್ಟರು. ಕಾಗೆ ಜಾತಿಯ ಆ ಹಕ್ಕಿಯ ಮೇಲೆ ಕವಿತೆ ಬರೆದ ಎಡ್ಗರ್ ಅಲನ್ ಪೋ ಸತ್ತದ್ದು, ಮಣ್ಣಾದದ್ದು ಆ ಊರಿನಲ್ಲಿ. 1999ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ಕೂಸು ಕಾಗದದ ಮೇಲೆ 1946ರ ಮುದುಕನಾಯಿತು.

ಮಿಲಿಂದ ರಾಜನಿಗೂ ನಾಗಸೇನ ಭಿಕ್ಷುವಿಗೂ ರಥದ ಬಗ್ಗೆ ನಡೆದ ಮಾತು ಹಲವರಿಗೆ ಗೊತ್ತು. ಗಾಲಿ ರಥವೇ? ಅಲ್ಲ. ಅಚ್ಚು ರಥವೇ? ಅಲ್ಲ. ನೊಗ, ಮೂಕಿ, ಚೌಕಟ್ಟು? ಅವೂ ಅಲ್ಲ. ಹಾಗಾದರೆ ರಥವೆಂಬುದು ಎಲ್ಲಿದೆ? ಅದು ಈ ಭಾಗಗಳು ಕೂಡಿದಾಗ ನಾವು ಕರೆಯುವ ಹೆಸರು, ಅಷ್ಟೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಬ್ರೌನ್ಸ್ ಪ್ರಕರಣ ಈ ಮಾತಿಗೆ ಕೊಟ್ಟ ಪರೀಕ್ಷೆಯಂತಿದೆ. ಭಾಗಗಳನ್ನೆಲ್ಲ ಲಾರಿಯಲ್ಲಿ ಒಂದು ಊರಿಗೆ ಕಳಿಸಿ, ಹೆಸರನ್ನು ಇನ್ನೊಂದು ಊರಿನಲ್ಲಿ ಇಟ್ಟುಕೊಂಡರೆ ರಥ ಎಲ್ಲಿದೆ?

ತಂಡವೆಂದರೆ ಅದರೊಳಗಿನ ಮನುಷ್ಯರು ಎನ್ನುವವರಿಗೆ ಉತ್ತರ ಸುಲಭ: ರೇವನ್ಸ್ ತಂಡವೇ ನಿಜವಾದ ಬ್ರೌನ್ಸ್. ಓಜಿ ನ್ಯೂಸಮ್ 1978ರಿಂದ 1990ರವರೆಗೆ ಬ್ರೌನ್ಸ್ ಪರವಾಗಿ ಮಾತ್ರ ಆಡಿದವರು. ಆಮೇಲೆ ತಂಡದ ಕಚೇರಿ ಸೇರಿದರು, ತಂಡದ ಜೊತೆ ಬಾಲ್ಟಿಮೋರಿಗೆ ಹೋದರು. 1996ರಲ್ಲಿ ಅವರು ಆರಿಸಿದ ಜಾನಥನ್ ಆಗ್ಡನ್, ರೇ ಲೂಯಿಸ್ ಎಂಬ ಹುಡುಗರ ಬಲದ ಮೇಲೆ ರೇವನ್ಸ್ 2001ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಕ್ಲೀವ್‌ಲ್ಯಾಂಡ್ ಸೂಪರ್ ಬೌಲ್ ಆಡಿಯೇ ಇಲ್ಲ. ನ್ಯೂಸಮ್ ಅವರ ಆಟದ ದಾಖಲೆ ಒಂದು ಊರಿನ ಪುಸ್ತಕದಲ್ಲಿ, ಆಡಳಿತದ ಕೀರ್ತಿ ಇನ್ನೊಂದು ಊರಿನ ಪುಸ್ತಕದಲ್ಲಿ. ಆದರೆ ಅವರು ಬದುಕಿದ್ದು ಒಂದೇ ಬದುಕು.

ತಂಡವೆಂದರೆ ಹೆಸರು, ಊರು ಎನ್ನುವವರಿಗೂ ಉತ್ತರವಿದೆ, ಅದರ ಮುಜುಗರವೂ ಇದೆ. 1999ರ ಸೆಪ್ಟೆಂಬರ್ 12ರಂದು ಹೊಸ ಬ್ರೌನ್ಸ್ ಮೊದಲ ಪಂದ್ಯ ಆಡಿ ಪಿಟ್ಸ್‌ಬರ್ಗಿಗೆ 43-0ರಿಂದ ಸೋತರು. ಅದರ ಮಾಲೀಕ ಆಲ್ ಲರ್ನರ್ ಹಳೆಯ ತಂಡದಲ್ಲಿ ಸಣ್ಣ ಪಾಲು ಹೊಂದಿದ್ದವರು. ಮೊಡೆಲ್ ಬಾಲ್ಟಿಮೋರ್ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಲರ್ನರ್ ಅವರ ಖಾಸಗಿ ವಿಮಾನದಲ್ಲಿ. ಮನೆ ಮುರಿಯಲು ನೆರವಾದವರೇ ಮನೆಯ ಹೊಸ ಯಜಮಾನರು. 2017ರಲ್ಲಿ ತಂಡ ಆಡಿದ 16 ಪಂದ್ಯವನ್ನೂ ಸೋತಿತು. ಅಭಿಮಾನಿಗಳು ಮೈ ಕೊರೆಯುವ ಜನವರಿಯ ಚಳಿಯಲ್ಲಿ ಕ್ರೀಡಾಂಗಣದ ಸುತ್ತ ಅಣಕು ವಿಜಯಯಾತ್ರೆ ಮಾಡಿದರು. ಹೆಸರೇ ತಂಡವಾದರೆ, ಹೆಸರು ಮಾತ್ರ ಆಟ ಆಡಲಾರದು ಎಂಬುದನ್ನೂ ಒಪ್ಪಬೇಕು.

ನನಗನ್ನಿಸುವುದು, ನಾಗಸೇನನ ಪಟ್ಟಿಯಲ್ಲಿ ಒಂದು ಭಾಗ ಇರಲಿಲ್ಲ. ರಾಜನು ಹತ್ತಿ ಬಂದ ರಥದ ಬದಲು ನಮ್ಮೂರುಗಳ ತೇರನ್ನು ನೆನೆದುಕೊಳ್ಳಿ. ತೇರಿನ ಗಾಲಿ ಸವೆದರೆ ಹೊಸದು ಮಾಡಿಸುತ್ತಾರೆ, ಅಚ್ಚು ಮುರಿದರೆ ಬದಲಿಸುತ್ತಾರೆ, ಹಗ್ಗವಂತೂ ಎಷ್ಟು ಸಲ ಬದಲಾಗಿದೆಯೋ. ನೂರು ವರ್ಷದಲ್ಲಿ ಹಳೆಯ ಮರ ಒಂದು ತುಂಡೂ ಉಳಿಯದಿರಬಹುದು. ಆದರೂ ಅದು ಅದೇ ತೇರು, ಏಕೆಂದರೆ ಅದು ಅದೇ ಬೀದಿಯಲ್ಲಿ ಉರುಳುತ್ತದೆ, ಅಜ್ಜ ಎಳೆದ ಜಾಗದಲ್ಲಿ ಮೊಮ್ಮಗ ಹಗ್ಗ ಹಿಡಿಯುತ್ತಾನೆ. ಎಳೆಯುವ ಕೈಗಳು ರಥದ ಭಾಗವಲ್ಲವೆಂದು ಬಡಗಿ ಹೇಳಬಹುದು, ಊರು ಹೇಳುವುದಿಲ್ಲ. ತಂಡವೂ ಹೀಗೆಯೇ. ಆಟಗಾರ ಸರಾಸರಿ ಕೆಲವೇ ವರ್ಷ ಆಡಿ ಹೋಗುತ್ತಾನೆ, ತರಬೇತುದಾರ ಬದಲಾಗುತ್ತಾನೆ, ಮಾಲೀಕನೂ ಮಾರಿ ಹೋಗುತ್ತಾನೆ. ಐವತ್ತು ವರ್ಷ ಒಂದೇ ಕಡೆ ಕೂತಿರುವುದು ಪ್ರೇಕ್ಷಕ. 1964ರ ಗೆಲುವು ಗೆಲುವಾದದ್ದು ಅಂಕಪಟ್ಟಿಯಿಂದ ಮಾತ್ರವಲ್ಲ, ಅದನ್ನು ಕಂಡು ಮಕ್ಕಳಿಗೆ ಹೇಳಿದವರಿಂದ. ಮೊಡೆಲ್‌ಗೆ ತಂಡದ ನಾಳೆಯನ್ನು ಮಾರುವ ಹಕ್ಕಿತ್ತು, ನಿನ್ನೆ ಅವರೊಬ್ಬರದಾಗಿರಲಿಲ್ಲ.

ನಾನಿರುವ ಹೈದರಾಬಾದಿನಲ್ಲಿ ಇದರ ತಿರುವು ಮುರುವು ನಡೆದಿದೆ. 2009ರ ಐಪಿಎಲ್ ಗೆದ್ದದ್ದು ಡೆಕ್ಕನ್ ಚಾರ್ಜರ್ಸ್, ಜೋಹಾನ್ಸ್‌ಬರ್ಗಿನಲ್ಲಿ ಬೆಂಗಳೂರನ್ನು 6 ರನ್ನುಗಳಿಂದ ಸೋಲಿಸಿ. 2012ರಲ್ಲಿ ಆ ತಂಡ ರದ್ದಾಯಿತು, ಮರುವರ್ಷ ಸನ್‌ರೈಸರ್ಸ್ ಬಂತು. ಸನ್‌ರೈಸರ್ಸ್ ಲೆಕ್ಕದಲ್ಲಿ ಇರುವುದು 2016ರ ಪ್ರಶಸ್ತಿ, ಅದೂ ಬೆಂಗಳೂರನ್ನು ಸೋಲಿಸಿಯೇ. ಊರು ಅದೇ, ನೋಡಿದ ಜನ ಅವರೇ, ಆದರೆ 2009ರ ಕಪ್ಪಿಗೆ ವಾರಸುದಾರರಿಲ್ಲ. ಬೆಂಗಳೂರಿನವರಿಗೆ ಆ ಸೋಲು ಇನ್ನೂ ಇದೆ. ಗೆದ್ದವರು ಮಾತ್ರ ಇಲ್ಲ. ಇತಿಹಾಸವನ್ನು ಕಂಪನಿಯ ಜೊತೆ ಕಟ್ಟಿಹಾಕಿದರೆ ಕಂಪನಿ ಮುಚ್ಚಿದ ದಿನ ಅದೂ ಅನಾಥ.

ಇಷ್ಟಕ್ಕೇ ನಿಲ್ಲಿಸಿದರೆ ಕ್ಲೀವ್‌ಲ್ಯಾಂಡಿನ ಪರವಾಗಿ ತೀರ್ಪು ಕೊಟ್ಟು ಮುಗಿಸಿದಂತೆ. ಆದರೆ ಎರಡು ಆಕ್ಷೇಪಗಳು ದಾರಿಗೆ ಅಡ್ಡ ನಿಂತಿವೆ. ಮೊದಲನೆಯದು ಬಾಲ್ಟಿಮೋರಿನದು. ತನ್ನ ತಂಡವನ್ನು ಕದ್ದೊಯ್ದರೆಂದು ಹನ್ನೆರಡು ವರ್ಷ ಗೋಳಾಡಿದ ಊರೇ ಇನ್ನೊಂದು ಊರಿನ ತಂಡವನ್ನು ಒಲಿಸಿ ಕರೆದುಕೊಂಡಿತು. ನೋವು ಅನುಭವಿಸಿದವನಿಗೆ ಅದೇ ನೋವನ್ನು ಮತ್ತೊಬ್ಬನಿಗೆ ಕೊಡುವ ಹಕ್ಕು ಬರುತ್ತದೆಯೇ? ಬರುವುದಿಲ್ಲ. ಆದರೆ ಬಾಲ್ಟಿಮೋರಿಗೆ ಬೇರೆ ದಾರಿಯನ್ನು ಯಾರೂ ಬಿಟ್ಟಿರಲಿಲ್ಲ ಎಂಬುದೂ ನಿಜ. ಲೀಗು 1993ರಲ್ಲಿ ಎರಡು ಹೊಸ ತಂಡಗಳಿಗೆ ಅವಕಾಶ ಕೊಟ್ಟಾಗ ಬಾಲ್ಟಿಮೋರ್ ಅರ್ಜಿ ಹಾಕಿತ್ತು. ತಂಡ ಸಿಕ್ಕಿದ್ದು ಷಾರ್ಲೆಟ್ ಮತ್ತು ಜಾಕ್ಸನ್‌ವಿಲ್ ಊರುಗಳಿಗೆ. ಕುರ್ಚಿಗಿಂತ ಜನ ಹೆಚ್ಚಿರುವಂತೆ ಬೇಕೆಂದೇ ಇಟ್ಟ ಆಟದಲ್ಲಿ ಒಬ್ಬ ಕೂರಬೇಕಾದರೆ ಇನ್ನೊಬ್ಬ ಏಳಲೇಬೇಕು. ತಪ್ಪಿನ ದೊಡ್ಡ ಪಾಲು ಕುರ್ಚಿಗಳನ್ನು ಎಣಿಸಿ ಇಟ್ಟವರದು. ಅಂಥ ಆಟದೊಳಗೂ ಬಾಲ್ಟಿಮೋರ್ ಪರರ ಹೆಸರನ್ನು ತೊಡದೆ ಹೊಸ ಹೆಸರಿನಿಂದ ಶುರುಮಾಡಿತಲ್ಲ, ಅದು ತಪ್ಪನ್ನು ಅಳಿಸುವುದಿಲ್ಲ, ಅದಕ್ಕೊಂದು ಎಲ್ಲೆ ಹಾಕುತ್ತದೆ. 1997ರಲ್ಲಿ ಹ್ಯೂಸ್ಟನ್ ಬಿಟ್ಟು ಟೆನೆಸಿಗೆ ಹೋದ ಆಯ್ಲರ್ಸ್ ತಂಡಕ್ಕೆ ಈ ಎಲ್ಲೆ ಇರಲಿಲ್ಲ. ಅದು ಇಂದಿಗೂ ಹ್ಯೂಸ್ಟನ್ನಿನ ದಾಖಲೆಗಳನ್ನು ತನ್ನದೆನ್ನುತ್ತದೆ, ಆ ಹಳೆಯ ಅಂಗಿ ತೊಟ್ಟು 2023ರಲ್ಲಿ ಆಡಿತು ಕೂಡ.

ಎರಡನೆಯ ಆಕ್ಷೇಪ ನಮಗೆ ಹತ್ತಿರದ್ದು. 1950ರ ಜನಗಣತಿಯಲ್ಲಿ ಕ್ಲೀವ್‌ಲ್ಯಾಂಡಿನ ಜನಸಂಖ್ಯೆ 9,14,808. 1990ರಲ್ಲಿ 5,05,616. ಕಾರ್ಖಾನೆಗಳು ಮುಚ್ಚಿದವು, ಅನುಕೂಲಸ್ಥರು ಹೊರವಲಯಕ್ಕೆ ಹೋದರು, ಎಷ್ಟೋ ಜನ ಕೆಲಸ ಹುಡುಕಿ ಬೇರೆ ರಾಜ್ಯಗಳಿಗೆ ಹೋದರು. ಬ್ರೌನ್ಸ್ ಬ್ಯಾಕರ್ಸ್ ಎಂಬ ಅಭಿಮಾನಿ ಸಂಘಗಳು ಅಮೆರಿಕದ ಊರೂರಿನಲ್ಲಿ ಇರುವುದಕ್ಕೆ ಈ ವಲಸೆಯೂ ಒಂದು ಕಾರಣ. ತಂಡ ಹೊರಟಾಗ ಇವರೂ ಕೂಗಾಡಿದರು. ಆಗ ಮೊಡೆಲ್ ಪರ ವಕೀಲನೊಬ್ಬ ಕೇಳಬಹುದಿತ್ತು: ನೀವು ಹೆಚ್ಚು ಸಂಬಳಕ್ಕಾಗಿ ಊರು ಬಿಟ್ಟಿರಿ, ಅವರೂ ಹೆಚ್ಚು ಆದಾಯಕ್ಕಾಗಿ ಬಿಟ್ಟರು. ನಿಮ್ಮದು ಬದುಕಿನ ಅನಿವಾರ್ಯ, ಅವರದು ದ್ರೋಹ, ಇದು ಯಾವ ನ್ಯಾಯ?

ಮುಂಬೈ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಕೂತು ಇದನ್ನು ಓದುವವರಲ್ಲಿ ಈ ಪ್ರಶ್ನೆಗೆ ಎದೆ ಚುಚ್ಚದವರು ಕಡಿಮೆ. ಊರಲ್ಲಿ ಕೆರೆ ಮುಚ್ಚಿದರು, ಶಾಲೆ ಮುಚ್ಚಿತು, ಥಿಯೇಟರ್ ಕೆಡವಿದರು ಎಂದು ಕೇಳಿದಾಗ ನಮಗೆ ಸಿಟ್ಟು ಬರುತ್ತದೆ. ಅಲ್ಲೇ ಉಳಿದವರು ನಮ್ಮ ಸಿಟ್ಟಿಗೆ ಒಂದು ಸಣ್ಣ ನಗೆ ನಗುತ್ತಾರೆ. ಆ ನಗೆಯಲ್ಲಿ ನ್ಯಾಯವಿದೆ. ಆದರೂ ವಕೀಲನ ಹೋಲಿಕೆ ಸರಿಯಲ್ಲ ಎಂದೇ ನನ್ನ ವಾದ. ಊರು ಬಿಟ್ಟವನು ತನ್ನನ್ನು ಮಾತ್ರ ಒಯ್ಯುತ್ತಾನೆ. ಅವನು ಹೋದ ಮೇಲೂ ತೇರು ಎಳೆಯಲು ಒಂದು ಜೊತೆ ಕೈ ಕಡಿಮೆಯಾಗುತ್ತದೆ ಹೊರತು ತೇರು ಇಲ್ಲವಾಗುವುದಿಲ್ಲ. ಹೋಗುವಾಗ ತೇರನ್ನೇ ಲಾರಿಗೆ ಹಾಕಿಕೊಂಡು ಹೋಗುವುದು ಬೇರೆ ಕೆಲಸ. ಒಂದು ಪಾಲು ಬಿಡುವುದು, ಇನ್ನೊಂದು ಎಲ್ಲರ ಪಾಲನ್ನೂ ಒಯ್ಯುವುದು. ಹಾಗೆಂದು ವಲಸೆ ಹೋದವನ ಹಕ್ಕು ಉಳಿದವನ ಹಕ್ಕಿಗೆ ಸಮವೂ ಅಲ್ಲ. ನವೆಂಬರ್ 7ರಂದು ತೆರಿಗೆಗೆ ಹೂಂ ಎಂದವರು ಅಲ್ಲಿ ಉಳಿದವರು. ನೆನಪಿನಲ್ಲಿ ನಮಗೆ ಪಾಲಿದೆ, ಖರ್ಚಿನಲ್ಲಿ ಅವರದು ಹೆಚ್ಚು. ಊರಿನ ವಿಷಯ ಮಾತಾಡುವಾಗ ನಾವು ಈ ಲೆಕ್ಕ ಮರೆಯಬಾರದು.

ಹಾಗಾದರೆ ಮೊದಲೇ ಬೇರೆ ಥರ ಕಟ್ಟಬಹುದಿತ್ತಲ್ಲ? ಕಟ್ಟಿದವರಿದ್ದಾರೆ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಊರು. ಅದರ ಪ್ಯಾಕರ್ಸ್ ತಂಡ 1923ರಿಂದ ಲಾಭಕ್ಕಲ್ಲದ ಸಾರ್ವಜನಿಕ ಸಂಸ್ಥೆ. ಷೇರುದಾರರು ಐದು ಲಕ್ಷಕ್ಕೂ ಹೆಚ್ಚು. ಷೇರಿಗೆ ಲಾಭಾಂಶವಿಲ್ಲ, ಮಾರಿ ದುಡ್ಡು ಮಾಡುವಂತಿಲ್ಲ. ಎಷ್ಟೋ ದೊಡ್ಡ ಊರುಗಳು ತಂಡ ಕಳೆದುಕೊಂಡರೂ ಆ ಪುಟ್ಟ ಊರಿನ ತಂಡ ಕದಲಿಲ್ಲ. ಬೇರೆ ಯಾವ ತಂಡವೂ ಈ ದಾರಿ ಹಿಡಿಯದಂತೆ ಲೀಗಿನ ನಿಯಮವಿದೆ. ಒಂದು ಉದಾಹರಣೆಯನ್ನು ಸಹಿಸಿಕೊಂಡಿದ್ದಾರೆ, ಎರಡನೆಯದು ಬೇಡ. ಕ್ಲೀವ್‌ಲ್ಯಾಂಡಿನ ಗಾಯದ ಮೇಲೆ ಓಹಾಯೊ 1996ರಲ್ಲಿ ಒಂದು ಕಾನೂನು ತಂದಿತು. ಜನ ಅದನ್ನು ಮೊಡೆಲ್ ಕಾನೂನು ಎನ್ನುತ್ತಾರೆ. ತೆರಿಗೆ ಹಣದ ಕ್ರೀಡಾಂಗಣ ಬಳಸುವ ತಂಡ ಬೇರೆಡೆಗೆ ಹೋಗಬೇಕಾದರೆ ಆರು ತಿಂಗಳ ಮುಂಚೆ ತಿಳಿಸಬೇಕು, ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕು. ಈಗಿನ ಮಾಲೀಕರು ಸರೋವರದ ದಡ ಬಿಟ್ಟು ಬ್ರೂಕ್ ಪಾರ್ಕ್ ಎಂಬ ಪಕ್ಕದ ಊರಿನಲ್ಲಿ ಹೊಸ ಕ್ರೀಡಾಂಗಣ ಕಟ್ಟಲು ಹೊರಟಾಗ ನಗರ ಇದೇ ಕಾನೂನನ್ನು ಹಿಡಿದು ಕೋರ್ಟಿಗೆ ಹೋಯಿತು. 2025ರಲ್ಲಿ ರಾಜ್ಯದ ಶಾಸನಸಭೆ ಕಾನೂನನ್ನೇ ಸಡಿಲಿಸಿತು: ರಾಜ್ಯ ಬಿಟ್ಟು ಹೋಗುವ ತಂಡಕ್ಕೆ ಮಾತ್ರ ಅದು ಅನ್ವಯ.

ಮೊಡೆಲ್ 2012ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಆ ಭಾನುವಾರ ಇತರ ಮೈದಾನಗಳಲ್ಲಿ ಅವರಿಗಾಗಿ ಮೌನ ಆಚರಿಸಿದರು. ಕ್ಲೀವ್‌ಲ್ಯಾಂಡಿನಲ್ಲಿ ಆಚರಿಸಲಿಲ್ಲ, ಬೇಡವೆಂದು ಅವರ ಕುಟುಂಬವೇ ಕೇಳಿಕೊಂಡಿತ್ತು. ಬಾಲ್ಟಿಮೋರಿಗೆ ಅವರು ಕಳೆದುಹೋದದ್ದನ್ನು ತಂದುಕೊಟ್ಟವರು, ಕ್ಲೀವ್‌ಲ್ಯಾಂಡಿಗೆ ಇದ್ದದ್ದನ್ನು ಕಿತ್ತುಕೊಂಡವರು. ಎರಡೂ ಒಂದೇ ಕೃತ್ಯ. ಒಂದು ಕೃತ್ಯಕ್ಕೆ ಒಂದೇ ಬೆಲೆ ಕಟ್ಟಬೇಕೆಂದು ನಾವು ಬಯಸುತ್ತೇವೆ. ಅದು ಯಾರ ಅಂಗಳದಲ್ಲಿ ಬಿತ್ತು ಎಂಬುದರ ಮೇಲೆ ಬೆಲೆ ನಿಂತಿರುತ್ತದೆ. ಆ ಕುಟುಂಬ ಅದನ್ನು ಅರಿತು, ಕ್ಷಮೆಯನ್ನಾಗಲಿ ಗೌರವವನ್ನಾಗಲಿ ಬಲವಂತದಿಂದ ಕೇಳದೆ ಸುಮ್ಮನಿದ್ದದ್ದು ಈ ಇಡೀ ಕಥೆಯಲ್ಲಿ ನನಗೆ ತುಂಬ ಘನತೆಯ ನಡೆಯಾಗಿ ಕಂಡಿತು.

ಬ್ರೌನ್ಸ್ ತಂಡದ ದಾಖಲೆ ಪುಸ್ತಕದಲ್ಲಿ ಜಿಮ್ ಬ್ರೌನ್ ಓಡಿದ 12,312 ಗಜ ಹಾಗೇ ಇದೆ. 1946ರಿಂದ ವರ್ಷ ವರ್ಷದ ಸೋಲು ಗೆಲುವು ಸಾಲಾಗಿ ಬರುತ್ತವೆ. 1995ರ ಸಾಲಿನಲ್ಲಿ 5 ಗೆಲುವು, 11 ಸೋಲು. ಮುಂದಿನ ಸಾಲು 1999ರದು, 2 ಗೆಲುವು, 14 ಸೋಲು. ನಡುವಿನ ಮೂರು ವರ್ಷ ತಂಡ ಆಡಲಿಲ್ಲ. ಆ ಮೂರು ವರ್ಷವನ್ನು ಬಾಲ್ಟಿಮೋರಿನ ಗೆಲುವುಗಳಿಂದ ತುಂಬಿಸಿಲ್ಲ, ಮುಚ್ಚಿಟ್ಟೂ ಇಲ್ಲ. ಹೆಸರನ್ನು ಊರು ಉಳಿಸಿಕೊಂಡಿತು. ಅದಕ್ಕೆ ತೆತ್ತ ಬೆಲೆ ಖಾಲಿ ಬಿಟ್ಟ ಆ ಜಾಗದಲ್ಲಿದೆ.